ಕರಾರಿನೊಳಗಿನ ವಿಮೆ



ಯಡಿಯೂರು ಕೆರೆಯ ಆಸುಪಾಸಿನ ಅಡುಗೆ ಕಂಟ್ರಾಕ್ಟರರೊಬ್ಬರಿಗೆ ದೊಡ್ಡ ಕಂಪನಿಯ ಕ್ಯಾಂಟೀನ್ ಕೆಲಸ ಸಿಕ್ಕಿತು ಎಂದಿಟ್ಟುಕೊಳ್ಳಿ. ಕೈಗೆ ದಪ್ಪನೆಯ ಕರಾರುಪತ್ರ ಬರುತ್ತದೆ. ದರ ಎಷ್ಟು, ಬಿಲ್ಲು ಯಾವಾಗ ಪಾಸಾಗುತ್ತದೆ ಎಂದಷ್ಟೇ ನೋಡಿ ಸಹಿ ಹಾಕುವವರೇ ಹೆಚ್ಚು. ಹೊಣೆಗಾರಿಕೆ ವಿಮೆ ಮಾಡಿಸಿರಬೇಕೆಂಬ ಷರತ್ತು ಎಲ್ಲೋ ಒಳಪುಟದಲ್ಲಿ ಉಳಿದುಬಿಡುತ್ತದೆ.

ಕಂಪನಿ ಇದನ್ನು ಸುಮ್ಮನೆ ಕೇಳುವುದಿಲ್ಲ. ಕಂಟ್ರಾಕ್ಟರನ ಆಳು ಕೆಲಸದಲ್ಲಿ ಗಾಯಗೊಂಡರೆ, ಕೆಲಸ ಕೊಟ್ಟ ಮೂಲ ಮಾಲೀಕನಿಂದಲೇ ಪರಿಹಾರ ಕೇಳಬಹುದು. ಕೊಟ್ಟದ್ದನ್ನು ಮಾಲೀಕ ಕಂಟ್ರಾಕ್ಟರನಿಂದ ವಸೂಲು ಮಾಡಿಕೊಳ್ಳಬಹುದು. 1923ರ ಕಾರ್ಮಿಕರ ಪರಿಹಾರ ಕಾಯ್ದೆಯಲ್ಲೇ ಈ ಏರ್ಪಾಡು ಇತ್ತು, 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಕುದಿಯುವ ಸಾರು ಮೈಮೇಲೆ ಚೆಲ್ಲಿಕೊಂಡ ಅಡುಗೆಯವನ ಮನೆಯವರಿಗೆ ಸಲ್ಲಬೇಕಾದ ಹಣದ ಮಾತು ಇದು. ಅದಕ್ಕೇ ಈ ಷರತ್ತನ್ನು ಬರೀ ಕಾಗದದ ಕೆಲಸ ಎನ್ನಲು ನನಗೆ ಮನಸ್ಸಿಲ್ಲ.

ಕೆಲಸಗಾರರಿಗೆ ಬೇಕಾದದ್ದು ಎಲ್ಲರೂ ಡಬ್ಲ್ಯೂಸಿ ಎನ್ನುವ ವರ್ಕ್‌ಮೆನ್ಸ್ ಕಾಂಪೆನ್ಸೇಶನ್ ಪಾಲಿಸಿ. ಊಟಕ್ಕೆ ಬಂದವರು ಜಾರಿ ಬಿದ್ದರೆ, ಕಟ್ಟಡಕ್ಕೆ ಬೆಂಕಿ ತಗುಲಿದರೆ ಬೇಕಾದದ್ದು ಪಬ್ಲಿಕ್ ಲಯಬಿಲಿಟಿ ಪಾಲಿಸಿ. ಒಂದರ ಕೆಲಸವನ್ನು ಇನ್ನೊಂದು ಮಾಡದು. ಊಟದಿಂದ ಹೊಟ್ಟೆ ಕೆಟ್ಟರೆ ಬರುವ ಪರಿಹಾರದ ಬೇಡಿಕೆಗೆ ಸಾಮಾನ್ಯವಾಗಿ ಆಹಾರದ ರಕ್ಷಣೆಯನ್ನು ಪ್ರತ್ಯೇಕವಾಗಿ ಕೇಳಿ ಸೇರಿಸಿಕೊಳ್ಳಬೇಕು. ಅಡುಗೆಯವರು ಇದನ್ನೇ ಮರೆತರೆ ಮಾಡಿಸಿದ ಪಾಲಿಸಿ ಯಾತಕ್ಕೆ?

ಮೊತ್ತವನ್ನು ಸ್ವಲ್ಪ ನಿಧಾನವಾಗಿ ನೋಡಿ. ಕರಾರು ಒಂದು ಅಪಘಾತಕ್ಕೆ 50 ಲಕ್ಷ ಕೇಳಿದೆ. ನಿಮ್ಮ ಪಾಲಿಸಿಯಲ್ಲೂ 50 ಲಕ್ಷ ಎಂದೇ ಇದೆ. ಆದರೆ ಅದು ಇಡೀ ವರ್ಷದ ಮಿತಿಯಾಗಿದ್ದು, ಪಕ್ಕದಲ್ಲಿ 1:2 ಎಂಬ ಅನುಪಾತವಿದ್ದರೆ, ಒಂದು ಅಪಘಾತಕ್ಕೆ ಸಿಗುವುದು 25 ಲಕ್ಷ ಮಾತ್ರ. ಷರತ್ತು ಅಲ್ಲಿಗೇ ಮುರಿದಂತಾಯಿತು. ಇನ್ನು ಪ್ರೀಮಿಯಂ: 1938ರ ವಿಮಾ ಕಾಯ್ದೆಯ ಪ್ರಕಾರ ಹಣ ಮುಂಗಡವಾಗಿ ಸಲ್ಲದೆ ವಿಮಾ ಕಂಪನಿ ಹೊಣೆ ಹೊರುವಂತಿಲ್ಲ. ಕೆಲಸ ಶುರುವಾದ ಮೇಲೆ ಕಟ್ಟಿದರಾಯಿತು ಎಂಬ ಲೆಕ್ಕಾಚಾರ ಇಲ್ಲಿ ನಡೆಯದು.

ಸಣ್ಣ ಅಡುಗೆಯವರಿಗೂ ದೊಡ್ಡ ಕಟ್ಟಡ ಕಟ್ಟುವವರಿಗೂ ಒಂದೇ ನಮೂನೆಯ ಷರತ್ತು ಅಂಟಿಸುವ ಕಂಪನಿಗಳಿವೆ. ಅದು ನ್ಯಾಯವಲ್ಲ. ಸಹಿಗೆ ಮುಂಚೆ ಆ ಪುಟದ ಪ್ರತಿಯನ್ನು ವಿಮಾ ಏಜೆಂಟರಿಗೆ ತೋರಿಸಿ, ಪ್ರೀಮಿಯಂ ಎಷ್ಟಾಗುತ್ತದೆ ಎಂದು ಕೇಳಿ. ಭಾರವೆನಿಸಿದರೆ ಮೊತ್ತ ಇಳಿಸಿ ಎಂದು ಕಂಪನಿಯನ್ನು ಕೇಳಲು ಸಂಕೋಚ ಬೇಡ. ಇಲ್ಲವೇ ಪ್ರೀಮಿಯಂ ಅನ್ನು ನಿಮ್ಮ ದರದಲ್ಲೇ ಸೇರಿಸಿ.

ಕ್ಲೇಮು ತಿರಸ್ಕೃತವಾದರೆ ಮೊದಲು ವಿಮಾ ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಒಬ್ಬರೇ ಮಾಲೀಕರಿರುವ ವ್ಯವಹಾರ, ಅತಿ ಸಣ್ಣ ಉದ್ದಿಮೆಗಳ ಪಾಲಿಸಿಗಳಿಗೂ ಈ ಅವಕಾಶವಿದೆ. ಬೆಂಗಳೂರಿನ ಕಚೇರಿ ಯಡಿಯೂರಿಗೆ ಹತ್ತಿರದಲ್ಲೇ, ಜೆ.ಪಿ. ನಗರ ಮೊದಲ ಹಂತದ ಜೀವನ್ ಸೌಧದಲ್ಲಿದೆ. ದೂರಿಗೆ ಶುಲ್ಕವಿಲ್ಲ.