ಹಾಡು ಕೇಳಲಿ, ಗುಂಯ್ ಅಲ್ಲ

(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳು)



ನಮ್ಮ ಮನೆಗಳ ಹಿರಿಯರು ಹಾಡುವ ಸೋಬಾನೆ, ಆರತಿ, ತೊಟ್ಟಿಲ ಹಾಡುಗಳನ್ನು ರೆಕಾರ್ಡ್ ಮಾಡಿಡಬೇಕೆಂದು ನಾವು ನಿರ್ಧರಿಸಿದ್ದೇವೆ. ಅದಕ್ಕೆ ಮನೆಯ ಲ್ಯಾಪ್‌ಟಾಪ್, ಒಂದು ಸಾಧಾರಣ ಮೈಕ್ ಸಾಕು. ತೊಂದರೆ ಏನೆಂದರೆ, ಕೇಳುವಾಗ ಹಾಡಿನ ಹಿಂದೆ ಗುಂಯ್, ಸ್ಸ್, ಚಟಪಟ ಸದ್ದು. "ಆಮೇಲೆ ಸಾಫ್ಟ್‌ವೇರ್‌ನಲ್ಲಿ ತೆಗೆದರಾಯಿತು" ಎನ್ನುತ್ತೇವೆ. ಆದರೆ ಸಾಫ್ಟ್‌ವೇರ್ ಸದ್ದಿನ ಜೊತೆ ದನಿಯನ್ನೂ ಕೆರೆಯುತ್ತದೆ. ವಯಸ್ಸಾದವರ ದನಿ ಮೊದಲೇ ಮೆತ್ತಗೆ. ಸ, ಶ, ಹ ಅಕ್ಷರಗಳು ಅಲ್ಲೇ ಮಸುಕಾಗಿಬಿಡುತ್ತವೆ. ಆದ್ದರಿಂದ ಸದ್ದನ್ನು ಹುಟ್ಟಿದಲ್ಲೇ ಹಿಡಿಯಬೇಕು.

ನಾನು ಮಾಡುವ ಕ್ರಮ ಹೀಗಿದೆ. ಮೊದಲು ಯಾರೂ ಮಾತಾಡದೆ 20 ಸೆಕೆಂಡು ರೆಕಾರ್ಡ್ ಮಾಡಿ, ಹೆಡ್‌ಫೋನ್ ಹಾಕಿ ಕೇಳುತ್ತೇನೆ. ನಂತರ ಒಂದು ಸಲಕ್ಕೆ ಒಂದನ್ನೇ ಬದಲಿಸಿ ಮತ್ತೆ ಕೇಳುತ್ತೇನೆ.

ಗುಂಯ್ ಎನ್ನುತ್ತಿದ್ದರೆ ಚಾರ್ಜರ್ ತೆಗೆದು ನೋಡಿ. ನಿಂತರೆ ಅದು 50 ಹರ್ಟ್ಝ್ ಕರೆಂಟಿನ ಸದ್ದು; ಬ್ಯಾಟರಿಯಲ್ಲೇ ಹಾಡು ಮುಗಿಸಿ. ಪ್ಲಗ್ಗಿನ ಮೂರನೇ ಪಿನ್ ಮಾತ್ರ ಎಂದೂ ಮುರಿಯಬೇಡಿ, ಅದು ಜೀವ ಕಾಯುವ ಅರ್ಥಿಂಗ್.

ಸ್ಸ್ ಎನ್ನುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ 'ಮೈಕ್ರೊಫೋನ್ ಬೂಸ್ಟ್' ಇಳಿಸಿ, ಮೈಕನ್ನು ಬಾಯಿಗೆ ಒಂದು ಗೇಣಿನಷ್ಟು ಹತ್ತಿರ ತನ್ನಿ. ಸ್ವಲ್ಪ ಓರೆಯಾಗಿಡಿ, ಪ, ಬ ಅಕ್ಷರಗಳ ಗಾಳಿ ಬಡಿಯುವುದಿಲ್ಲ. ಚಟಪಟ ಎಂದರೆ ವೈರ್ ಸಡಿಲವಿದೆಯೇ ನೋಡಿ, ಯುಎಸ್‌ಬಿ ಪೋರ್ಟ್ ಬದಲಿಸಿ, ತೆರೆದಿಟ್ಟ ಬೇರೆ ಪ್ರೋಗ್ರಾಂ ಮುಚ್ಚಿ. ಮೊಬೈಲ್ ದೂರವಿಡಿ.

ಲ್ಯಾಪ್‌ಟಾಪಿನ ಒಳಗೇ ಒಂದು ಫ್ಯಾನ್ ಇದೆ. ಅದರೊಳಗಿನ ಮೈಕ್‌ಗಿಂತ ವೈರಿನ ಮೈಕ್ ಒಳ್ಳೆಯದು. ಅದನ್ನು ಲ್ಯಾಪ್‌ಟಾಪ್ ಇಟ್ಟ ಮೇಜಿನ ಮೇಲೇ ಇಡಬೇಡಿ. ಕೋಣೆ ಗಂವ್ ಎಂದರೆ ಬಟ್ಟೆಯ ಬೀರು ತೆರೆದಿಡಿ, ಮಂಚದ ಮೇಲೆ ರಜಾಯಿ ಹರಡಿ. ಸೀಲಿಂಗ್ ಫ್ಯಾನನ್ನು ಒಂದು ಹಾಡಿನಷ್ಟು ಹೊತ್ತು ಆರಿಸಿ, ಆಮೇಲೆ ಹಾಕಿ. ಸೆಖೆಯಲ್ಲಿ ಹಿರಿಯರನ್ನು ದಣಿಸಬಾರದು.

ದನಿಯ ಮಟ್ಟ ಅತಿ ಹೆಚ್ಚಿನ ಕಡೆಗೂ ಮೈನಸ್ 6 ಡೆಸಿಬಲ್ ದಾಟದಿರಲಿ. ಒಡೆದ ದನಿಯನ್ನು ಪೂರ್ತಿ ಸರಿಪಡಿಸಲಾಗದು. ಎಲ್ಲದರ ನಂತರವೂ ಸದ್ದು ಉಳಿದರೆ, ಉಚಿತವಾಗಿ ಸಿಗುವ ಆಡಾಸಿಟಿಯಲ್ಲಿ ಮೌನದ ತುಣುಕು ಆರಿಸಿ 'ನಾಯ್ಸ್ ರಿಡಕ್ಷನ್' ಹಗುರವಾಗಿ ಬಳಸಿ. ಮೂಲ ವೇವ್ ಫೈಲನ್ನು ಮುಟ್ಟದೆ ಬೇರೆ ಇಡಿ.

ದೂರದ ಕುಕ್ಕರ್ ಸೀಟಿ, ಲೋಕಲ್ ರೈಲಿನ ಸದ್ದು ಒಂದಿಷ್ಟು ಉಳಿದರೆ ಉಳಿಯಲಿ ಬಿಡಿ. ಹಾಡಿನ ಪದ ಸ್ಪಷ್ಟವಿದ್ದರೆ ಮೊಮ್ಮಕ್ಕಳು ಕಲಿತಾರು. ಮುಂದಿನ ಸಭೆಗೆ ಒಬ್ಬೊಬ್ಬರೂ ಒಂದೊಂದು ಹಾಡು ತನ್ನಿ. ಮೊದಲಿಗೆ ಹಾಡುವವರ ಹೆಸರು, ಊರು ಅವರ ಬಾಯಲ್ಲೇ ಹೇಳಿಸಿ.