ಸೇತುವೆ ಗಟ್ಟಿಯಿದೆಯೇ? ಭಾರವಿಟ್ಟು ನೋಡುವ ಬಗೆ



ಆಳಂದದ ಅಮರ್ಜಾ ನದಿ ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಅದೇ ಭೀಮೆ ಮುಂದೆ ಜೇವರ್ಗಿ ರಸ್ತೆಯ ಕಟ್ಟಿಸಂಗಾವಿ ಸೇತುವೆಯ ಕೆಳಗೆ ಹರಿಯುತ್ತದೆ. ನೀವು ಕಾಲೇಜಿಗೆ ಹೋಗುವಾಗ, ನಿಮ್ಮ ಮನೆಯ ರೋಗಿಯನ್ನು ಕಲಬುರಗಿಗೆ ಒಯ್ಯುವಾಗ ಒಂದಲ್ಲ ಒಂದು ಸೇತುವೆ ದಾಟುತ್ತೀರಿ. ಅದು ಗಟ್ಟಿಯಿದೆ ಎಂದು ತಿಳಿಯುವುದು ಹೇಗೆ?

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಚಾಲಕ ಬದುಕಿ ಉಳಿದ. 2025ರ ಜುಲೈ 9ರಂದು ಗುಜರಾತಿನ ಗಂಭೀರಾ ಸೇತುವೆ ಮುರಿದಾಗ ಇಪ್ಪತ್ತರಷ್ಟು ಜನ ಪ್ರಾಣ ಕಳೆದುಕೊಂಡರು. ಎರಡೂ ಸೇತುವೆಗಳ ಮೇಲೆ ಆ ಗಳಿಗೆಯವರೆಗೂ ವಾಹನಗಳು ಓಡುತ್ತಿದ್ದವು. ಆದ್ದರಿಂದ ‘ನಿನ್ನೆ ಲಾರಿ ದಾಟಿದೆ, ಇಂದೂ ದಾಟುತ್ತದೆ’ ಎಂಬ ಮಾತನ್ನು ನಂಬಬೇಡಿ.

ಭಾರ ಪರೀಕ್ಷೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮಗಳಿವೆ. ಮೊದಲು ಸಂಚಾರ ನಿಲ್ಲಿಸಿ, ತೊಲೆಗಳಿಗೆ ಸುಣ್ಣ ಬಳಿಯುತ್ತಾರೆ; ಹೊಸ ಬಿರುಕು ಬಿಟ್ಟರೆ ಕೂಡಲೇ ಕಾಣಬೇಕು. ತೊಲೆಯ ಕೆಳಗೆ ಡಯಲ್ ಗೇಜ್ ಇಡುತ್ತಾರೆ. ಬಿಸಿಲಿಗೂ ಸೇತುವೆ ಬಾಗುವುದರಿಂದ, ಒಂದು ದಿನ ಮುಂಚೆಯೇ ಗಂಟೆಗೊಮ್ಮೆ ಉಷ್ಣಾಂಶವನ್ನೂ ಬಾಗನ್ನೂ ಬರೆದಿಟ್ಟುಕೊಳ್ಳುತ್ತಾರೆ. ಅನಂತರ ತೂಕ ಮಾಡಿದ ಲಾರಿಗಳನ್ನು ಹಂತ ಹಂತವಾಗಿ ನಿಲ್ಲಿಸುತ್ತಾರೆ. ಬಿರುಕು ಅಗಲವಾದರೆ ಪರೀಕ್ಷೆ ಅಲ್ಲಿಗೇ ನಿಲ್ಲುತ್ತದೆ. ಪೂರ್ಣ ಭಾರವನ್ನು 24 ಗಂಟೆ ಇಟ್ಟು, ತೆಗೆದು, ಮತ್ತೆ 24 ಗಂಟೆ ಕಾಯುತ್ತಾರೆ.

ಬಾಗುವುದು ದೋಷವಲ್ಲ, ಮರಳಿ ಏಳದಿರುವುದು ದೋಷ. ಕಬ್ಬಿಣದ ಸರಳು ಹಾಕಿದ ಸಾಮಾನ್ಯ ಕಾಂಕ್ರೀಟ್ ತೊಲೆ 10 ಮಿ.ಮೀ. ಬಾಗಿದ್ದರೆ ಕನಿಷ್ಠ 7.5 ಮಿ.ಮೀ. ಹಿಂದಿರುಗಬೇಕು. ಬಿಗಿದ ತಂತಿಗಳ ಕಾಂಕ್ರೀಟಾದರೆ 8.5 ಮಿ.ಮೀ. ಹಿಂದಿರುಗಬೇಕು.

ಆದರೆ ಒಂದು ಮಾತು ನೆನಪಿಡಿ. ಈ ಪರೀಕ್ಷೆ ಹೇಳುವುದು ಮೇಲಿನ ತೊಲೆ, ಹಲಗೆಗಳ ಬಲವನ್ನು ಮಾತ್ರ. ಕಂಬದ ಬುಡದ ಮಣ್ಣು ಕೊಚ್ಚಿಹೋಗಿದ್ದರೆ ಅದು ಗೇಜಿಗೆ ಕಾಣದು. 2020ರ ಅಕ್ಟೋಬರಿನಲ್ಲಿ ಭೀಮೆಗೆ ಬಂದಂಥ ಪ್ರವಾಹ ಇಳಿದ ಮೇಲೆ ನೀರಿನೊಳಗಿನ ಬುಡವನ್ನೂ ನೋಡಲೇಬೇಕು. ಹಾಗೆಯೇ, ಪರೀಕ್ಷೆಗಿಟ್ಟ ಭಾರಕ್ಕಿಂತ ಹೆಚ್ಚು ಕಬ್ಬು ಹೇರಿಕೊಂಡು ಹೋಗುವವನಿಗೆ ಯಾವ ಪ್ರಮಾಣಪತ್ರವೂ ರಕ್ಷೆಯಲ್ಲ.

ವಿದ್ಯಾರ್ಥಿಗಳೆ, ಹೊಸ ಬಿರುಕು, ಸೊಟ್ಟಗಾದ ಕಟಕಟೆ, ತಗ್ಗಿದ ಜೋಡಣೆ ಕಂಡರೆ ದಿನಾಂಕ ಹಾಕಿ ಲೋಕೋಪಯೋಗಿ ಇಲಾಖೆಗೆ ಬರೆಯಿರಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ತಪಾಸಣೆಯ ವರದಿ ಕೇಳಿರಿ. ನಿಮ್ಮಲ್ಲಿ ಕೆಲವರಾದರೂ ಇಂಜಿನಿಯರ್ ಆಗಿ ಆ ಗೇಜನ್ನು ಓದುವಂತಾಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.