ಕಿಟಕಿ ಇರಲಿ, ಇಣುಕು ಬೇಡ

 

ಇಂದು ನಾನು ಮಾತಾಡುವುದು ನೆರೆಮನೆಯ ಕಿಟಕಿಯ ಬಗ್ಗೆ. ಇದೇನು ದೊಡ್ಡ ವಿಷಯ ಎನ್ನಬೇಡಿ. ಒಡಹುಟ್ಟಿದವರ ನಡುವೆ ಮಾತು ನಿಲ್ಲಿಸಿದ, ಕೋರ್ಟಿನ ಮೆಟ್ಟಿಲು ಹತ್ತಿಸಿದ ಕಿಟಕಿಗಳಿವೆ.

ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಗೋಡೆಗೆ ಗೋಡೆ ಕೂಡಿರುತ್ತಿತ್ತು. ಬೆಳಕು ಮೇಲಿನ ಬೆಳಕಿಂಡಿಯಿಂದ ಇಳಿಯುತ್ತಿತ್ತು. ಈಗ 30-40ರ ಸೈಟಿನಲ್ಲಿ ಎರಡು, ಮೂರು ಅಂತಸ್ತು ಏಳುತ್ತವೆ. ಒಬ್ಬರ ಮಹಡಿಯ ಕಿಟಕಿ ಇನ್ನೊಬ್ಬರ ಹಿತ್ತಿಲಿನ ಮೇಲೆ, ಬಚ್ಚಲಿನ ಬಾಗಿಲ ಮೇಲೆ ತೆರೆಯುತ್ತದೆ.

ಆಗ ಕೆಳಮನೆಯವರು ತಮ್ಮ ಕಿಟಕಿಯನ್ನೇ ಮುಚ್ಚುತ್ತಾರೆ. ಹಿತ್ತಿಲಲ್ಲಿ ನಿಲ್ಲಬೇಡ, ಅಲ್ಲಿ ಕೂದಲು ಒಣಗಿಸಬೇಡ ಎಂದು ಹೆಣ್ಣುಮಕ್ಕಳಿಗೆ ತಾಕೀತು ಮಾಡುತ್ತಾರೆ. ನೋಡುವವನ ಕಣ್ಣಿಗೆ ಕಟ್ಟಳೆಯಿಲ್ಲ, ಹೆಣ್ಣುಮಗಳ ಗಾಳಿ-ಬೆಳಕಿಗೆ ಮಾತ್ರ ಕಟ್ಟಳೆ! ನನ್ನ ತಕರಾರು ಇಲ್ಲಿದೆ. ಗಂಡು-ಹೆಣ್ಣೆಂಬ ಭೇದವಿಲ್ಲದೆ ಇಷ್ಟಲಿಂಗ ಕೊಟ್ಟ ಧರ್ಮ ನಮ್ಮದು. ಆ ಧರ್ಮದವರು ಮಗಳನ್ನು ಕತ್ತಲೆಗೆ ನೂಕಿ ಮನೆಯ ಮಾನ ಉಳಿಯಿತೆನ್ನುವುದು ಹೇಗೆ?

ಹೆಣ್ಣುಮಗಳು ಸ್ನಾನ ಮಾಡುವಾಗ ಕದ್ದು ನೋಡುವುದು 2013ರಿಂದ ಪ್ರತ್ಯೇಕ ಅಪರಾಧವೇ ಆಗಿದೆ. ಇನ್ನು ಕಿಟಕಿಯ ವಿಷಯಕ್ಕೆ ಬಂದರೆ, 1882ರ ಈಸ್‌ಮೆಂಟ್ ಕಾಯ್ದೆಯ 18ನೆಯ ಕಲಮಿನಲ್ಲಿ ಒಂದು ಉದಾಹರಣೆಯಿದೆ. ನೆರೆಮನೆಯ ಮರೆಗೆ ಧಕ್ಕೆಯಾಗುವಂತೆ ಹೊಸ ಕಿಟಕಿ ತೆರೆಯಬಾರದೆಂಬ ರೂಢಿ ಊರಿನಲ್ಲಿದ್ದರೆ, ಆ ರೂಢಿಗೆ ಬೆಲೆಯುಂಟು. ಆದರೆ ರೂಢಿಯನ್ನು ಸಾಬೀತು ಮಾಡಬೇಕು. ಅದೇ ಕಾಯ್ದೆಯ 15ನೆಯ ಕಲಮಿನಂತೆ, 20 ವರ್ಷ ತಡೆಯಿಲ್ಲದೆ ಅನುಭವಿಸಿದ ಗಾಳಿ-ಬೆಳಕು ಕಟ್ಟಡಕ್ಕೆ ಹಕ್ಕಾಗುತ್ತದೆ. ಹಾಗಾಗಿ, ಹಕ್ಕಾಗುವ ಮೊದಲೇ ಅಡ್ಡಗೋಡೆ ಎಬ್ಬಿಸು ಎಂದು ಕಿವಿಯೂದುವವರೂ ಇದ್ದಾರೆ. ಗೋಡೆ ಎದ್ದರೆ ಎರಡೂ ಮನೆಗೆ ಕತ್ತಲೆ.

ಇಂಥ ಜಗಳಗಳ ರಾಜಿಗೆ ನಾನು ಹಲವು ಸಲ ಕುಳಿತಿದ್ದೇನೆ. ಗಂಡಸರು ಟೇಪು ಹಿಡಿದು ಅಂಗುಲ ಅಳೆಯುತ್ತಾರೆ. ಆ ಹಿತ್ತಿಲನ್ನು ದಿನವೂ ಬಳಸುವ ತಾಯಂದಿರನ್ನು ಯಾರೂ ಕರೆದು ಕೇಳುವುದಿಲ್ಲ. ಅನುಭವ ಮಂಟಪದಲ್ಲಿ ಶರಣೆಯರು ಸಮನಾಗಿ ಕುಳಿತು ಮಾತಾಡಿದರೆಂದು ಹೆಮ್ಮೆಪಡುವ ನಾವು, ಹಿತ್ತಿಲಿನ ಮಾತಿಗೂ ಅವರನ್ನು ಕೂರಿಸಿಕೊಳ್ಳದಿದ್ದರೆ ಆ ಹೆಮ್ಮೆಗೆ ಅರ್ಥವೇನು?

ಆದ್ದರಿಂದ ನನ್ನ ಬಿನ್ನಹ ಇಷ್ಟು. ಕಟ್ಟುವ ಮುನ್ನ ನಕ್ಷೆ ಹಿಡಿದು ಪಕ್ಕದ ಮನೆಗೆ ಹೋಗಿರಿ. ಅಲ್ಲಿಯ ಹೆಣ್ಣುಮಕ್ಕಳನ್ನೂ ಕೇಳಿರಿ. ಕಿಟಕಿಗೆ ಕಿಟಕಿ ಎದುರಾಗದಂತೆ ಸರಿಸಿರಿ. ನೆರೆಯವರ ಹಿತ್ತಿಲ ಕಡೆಯ ಕಿಟಕಿಯ ತಳ ಕೋಣೆಯ ನೆಲದಿಂದ ಆರಡಿ ಮೇಲಿರಲಿ. ಬೆಳಕು ಒಳಗೆ ಬರುತ್ತದೆ, ನೋಟ ಹೊರಗೆ ಹೋಗದು. ಈಗಾಗಲೇ ಕಟ್ಟಿದ್ದರೆ ಮಸುಕು ಗಾಜು ಹಾಕಿಸಿರಿ, ಅದರ ಖರ್ಚನ್ನು ಕಿಟಕಿ ತೆರೆದವರೇ ಹೊರಲಿ.

ಗುರುಪ್ರವೇಶಕ್ಕೆ ನೆರೆಯವರನ್ನು ಪ್ರಸಾದಕ್ಕೆ ಕರೆಯುತ್ತೇವೆ. ಪಾಯ ತೋಡುವ ಮೊದಲೇ ಒಮ್ಮೆ ಕರೆದು ನಕ್ಷೆ ತೋರಿಸಿದರೆ, ಅವರು ಆ ಪ್ರಸಾದಕ್ಕೆ ಸಂತೋಷದಿಂದ ಬರುತ್ತಾರೆ.